ಅರವತ್ತು ದಾಟಿದ ಪೈಲಟ್‌ಗೆ ಯಾವುದು ಗಿಟ್ಟುತ್ತದೆ: ಬಾಡಿಗೆ, ಪಾಲು, ಗ್ಲೈಡರ್, ಹಗುರ ವಿಮಾನ?

ವಯಸ್ಸಾದ ಖಾಸಗಿ ಪೈಲಟ್‌ಗಳು ಹಾರೋದು ನಿಲ್ಲಿಸುವುದಕ್ಕೆ ಸಾಮಾನ್ಯವಾಗಿ ಎರಡು ಕಾರಣ: ದುಡ್ಡು ಮತ್ತು ಮೆಡಿಕಲ್, ಅಂದರೆ ಹಾರಲು ದೇಹ ಸರಿಯಿದೆ ಅಂತ ಡಾಕ್ಟರ್ ಕೊಡುವ ಸರ್ಟಿಫಿಕೇಟ್. ಆಸೆ ಬತ್ತಿ ಹೋಗಿ ಬಿಟ್ಟವರು ನನಗಂತೂ ಸಿಕ್ಕಿಲ್ಲ. ಕೆಲಸದಿಂದ ನಿವೃತ್ತಿಯಾದ ಮೇಲೆ ಕೈಯಲ್ಲಿ ಬೇಕಾದಷ್ಟು ಸಮಯ ಇರುತ್ತದೆ, ಆದರೆ ಖರ್ಚು ಹಿಡಿತದಲ್ಲಿ ಇರಬೇಕಾಗುತ್ತದೆ. ಹಾಗಾಗಿ ಕಡಿಮೆ ದುಡ್ಡಲ್ಲಿ ಹಾರುವ ದಾರಿಗಳನ್ನು ಒಂದೊಂದಾಗಿ ಪರೀಕ್ಷೆ ಮಾಡುತ್ತಾ ಬಂದೆ. ಬಾಡಿಗೆ ವಿಮಾನ, ಪಾಲಿನ ವಿಮಾನ, ರೋಟ್ಯಾಕ್ಸ್ ಇಂಜಿನ್ನಿನ ಹಗುರ ವಿಮಾನ, ಇಂಜಿನ್ ಇಲ್ಲದೆ ತೇಲುವ ಗ್ಲೈಡರ್, ಮೋಟಾರ್ ಗ್ಲೈಡರ್, ಮೈಕ್ರೋಲೈಟ್ ಟ್ರೈಕ್, ಎಲ್ಲದರಲ್ಲೂ ಹಾರಿ ನೋಡಿದ್ದೇನೆ.

ನನ್ನ ತೀರ್ಮಾನ ಮೊದಲೇ ಹೇಳಿಬಿಡುತ್ತೇನೆ. ಇಬ್ಬರು ಕೂರುವ ಸಣ್ಣ ವಿಮಾನದಲ್ಲಿ ನಾಲ್ಕೈದು ಜನ ಸೇರಿ ಪಾಲು ಮಾಡಿಕೊಳ್ಳುವುದು ಮೊದಲನೆಯದು. ಗ್ಲೈಡರ್ ಕ್ಲಬ್ ಅದರ ಬೆನ್ನಿಗೇ ಇದೆ. ಉಳಿದವೆಲ್ಲ ಆಮೇಲೆ. ನಾನು ನೋಡಿದ ಅಳತೆ ಒಂದೇ, ವಾರ ವಾರ ಹಾರುವುದಕ್ಕೆ ಆಗುತ್ತದಾ ಇಲ್ಲವಾ. ಗಂಟೆಯ ರೇಟು ಎಷ್ಟೇ ಕಡಿಮೆ ಇರಲಿ, ಮೂರು ತಿಂಗಳಿಗೊಮ್ಮೆ ಹಾರಿದರೆ ಕೈ ಜಡ್ಡುಗಟ್ಟುತ್ತದೆ, ಅದೂ ನಮ್ಮ ವಯಸ್ಸಲ್ಲಿ ಬೇಗ.

ಮೆಡಿಕಲ್ ವಿಷಯ ಮೊದಲು ನೋಡೋಣ, ಯಾಕಂದ್ರೆ ಯಾವ ವಿಮಾನ ಹಾರಿಸಬಹುದು ಅನ್ನೋದನ್ನು ಅದೇ ನಿರ್ಧರಿಸುತ್ತದೆ. ಅಮೆರಿಕದಲ್ಲಿ 2004ರಲ್ಲಿ ಸ್ಪೋರ್ಟ್ ಪೈಲಟ್ ನಿಯಮ ಬಂತು. ಮೆಡಿಕಲ್ ಸರ್ಟಿಫಿಕೇಟ್ ಬದಲು ಕಾರು ಓಡಿಸುವ ಲೈಸೆನ್ಸೇ ಸಾಕು. ಆಗ ನೆಲದ ಮೇಲಿಳಿಯುವ ವಿಮಾನವಾದರೆ 600 ಕೆಜಿ ಮೀರಬಾರದು, ಎರಡೇ ಸೀಟು ಇರಬೇಕು ಅಂತಿತ್ತು. 2025ರ ಅಕ್ಟೋಬರ್‌ನಿಂದ ಆ ತೂಕದ ಮಿತಿ ಹೋಯಿತು. ಫ್ಲ್ಯಾಪ್ (ರೆಕ್ಕೆಯ ಹಿಂಬದಿಯ ಪಟ್ಟಿ) ಇಳಿಸದೆ ಸ್ಟಾಲ್ ವೇಗ, ಅಂದರೆ ಅದಕ್ಕಿಂತ ನಿಧಾನವಾದರೆ ರೆಕ್ಕೆ ವಿಮಾನವನ್ನು ಎತ್ತಿ ಹಿಡಿಯಲಾಗದ ವೇಗ, 59 ನಾಟ್ (ಗಂಟೆಗೆ ಸುಮಾರು 109 ಕಿಲೋಮೀಟರ್) ಒಳಗಿದ್ದರೆ ನಾಲ್ಕು ಸೀಟಿನ ವಿಮಾನವನ್ನೂ ಹಾರಿಸಬಹುದು, ಜೊತೆಗೆ ಕೂರಿಸಿಕೊಳ್ಳುವುದು ಮಾತ್ರ ಒಬ್ಬರನ್ನೇ. ಅಂದರೆ ನಾಲ್ಕು ಸೀಟಿನ ಸೆಸ್ನಾ 172 ಕೂಡ ಅದರೊಳಗೆ ಬಂತು. ಇದಲ್ಲದೆ 2017ರಿಂದ ಬೇಸಿಕ್‌ಮೆಡ್ ಅನ್ನುವ ಇನ್ನೊಂದು ದಾರಿ ಇದೆ. 2006ರ ಜುಲೈ 14ರ ನಂತರ ಒಮ್ಮೆಯಾದರೂ ಮೆಡಿಕಲ್ ಹೊಂದಿದ್ದವರು ನಾಲ್ಕು ವರ್ಷಕ್ಕೊಮ್ಮೆ ತಮ್ಮದೇ ಡಾಕ್ಟರ ಹತ್ತಿರ ತಪಾಸಣೆ ಮಾಡಿಸಿ, ಎರಡು ವರ್ಷಕ್ಕೊಮ್ಮೆ ಆನ್‌ಲೈನ್ ಪಾಠ ಮುಗಿಸಿದರೆ ಆಯಿತು. ಬ್ರಿಟನ್‌ನಲ್ಲಿ ಪೈಲಟ್ಟೇ ತನ್ನ ಆರೋಗ್ಯದ ಬಗ್ಗೆ ಸ್ವತಃ ಘೋಷಣೆ ಕೊಡುವ ಪದ್ಧತಿ ಇದೆ. ಯುರೋಪಿನ ಎಲ್‌ಎಪಿಎಲ್ ಅನ್ನುವ ಹಗುರ ವಿಮಾನದ ಲೈಸೆನ್ಸಿಗೆ ಸುಲಭದ ಮೆಡಿಕಲ್ ಉಂಟು, ನಲವತ್ತು ದಾಟಿದವರಿಗೆ ಎರಡು ವರ್ಷಕ್ಕೊಮ್ಮೆ.

ಇಲ್ಲಿ ಒಂದು ಗುಂಡಿ ಇದೆ, ದಯವಿಟ್ಟು ಗಮನ ಕೊಟ್ಟು ಓದಿ. ಅಮೆರಿಕದ ನಿಯಮದಲ್ಲಿ ನಿಮ್ಮ ಕೊನೆಯ ಮೆಡಿಕಲ್ ಅರ್ಜಿ ತಿರಸ್ಕಾರ ಆಗಿದ್ದರೆ ಕಾರಿನ ಲೈಸೆನ್ಸಿನ ದಾರಿಯೂ ಮುಚ್ಚುತ್ತದೆ. ಮತ್ತೆ ಅರ್ಜಿಯನ್ನೇ ಹಾಕದೆ ಹಳೇ ಸರ್ಟಿಫಿಕೇಟಿನ ಅವಧಿ ತಾನಾಗಿ ಮುಗಿದಿದ್ದರೆ ಆ ತೊಂದರೆ ಇಲ್ಲ. ಹಾಗಾಗಿ ಹೃದಯ, ಸಕ್ಕರೆ ಕಾಯಿಲೆ, ಕಣ್ಣು, ಹೀಗೆ ಏನಾದರೂ ಸಂಶಯ ಇದ್ದರೆ ಸುಮ್ನೆ ಒಂದು ಫಾರಂ ತುಂಬಿ ನೋಡೋಣ ಅಂತ ಹೊರಡಬೇಡಿ. ಮೊದಲು ನಿಮ್ಮ ಡಾಕ್ಟರ ಹತ್ತಿರ, ಆಮೇಲೆ ವಿಮಾನ ಮೆಡಿಕಲ್ ಗೊತ್ತಿರುವ ಡಾಕ್ಟರ ಹತ್ತಿರ ಸಲಹೆ ಅಂತ ಕೂತು ಮಾತಾಡಿ. ಮುಚ್ಚಿಡುವುದಕ್ಕೆ ಹೇಳುತ್ತಿಲ್ಲ. ದೇಹ ಹಾರುವ ಸ್ಥಿತಿಯಲ್ಲಿ ಇಲ್ಲ ಅಂತ ಗೊತ್ತಿದ್ದರೆ ಯಾವ ಲೈಸೆನ್ಸಿದ್ದರೂ ಹಾರಬಾರದು, ನಿಯಮವೂ ಅದನ್ನೇ ಹೇಳುತ್ತದೆ.

ಈಗ ಬಾಡಿಗೆಗೆ ಬರೋಣ. ಸೆಸ್ನಾ 172 ಎಲ್ಲರಿಗೂ ಗೊತ್ತಿರುವ ವಿಮಾನ. ಗಂಟೆಗೆ 30ರಿಂದ 35 ಲೀಟರ್ ಏವಿಯೇಷನ್ ಪೆಟ್ರೋಲ್ ಕುಡಿಯುತ್ತದೆ. ಒಬ್ಬನೇ ಹೋಗಿ ಒಂದು ಸುತ್ತು ಹಾಕಿ ಬರುವುದಕ್ಕೆ ನಾಲ್ಕು ಸೀಟು ಹೊತ್ತುಕೊಂಡು ಹೋಗುವುದು ದಂಡ. ಆದರೆ ವರ್ಷಕ್ಕೆ ಹತ್ತಿಪ್ಪತ್ತು ಗಂಟೆ ಮಾತ್ರ ಹಾರುವವರಿಗೆ ಲೆಕ್ಕದಲ್ಲಿ ಬಾಡಿಗೆಯೇ ಸೋವಿ. ಹ್ಯಾಂಗರ್ (ವಿಮಾನ ನಿಲ್ಲಿಸುವ ಶೆಡ್), ಇನ್ಶೂರೆನ್ಸ್, ವರ್ಷದ ತಪಾಸಣೆ, ಯಾವ ತಲೆನೋವೂ ಇಲ್ಲ. ನನಗೆ ಒಗ್ಗದಿದ್ದದ್ದು ಬೇರೆ ಕಾರಣಕ್ಕೆ. ಬೆಳಗ್ಗೆ ಗಾಳಿ ಇಲ್ಲದ ಒಳ್ಳೆ ಹೊತ್ತನ್ನೆಲ್ಲ ವಿದ್ಯಾರ್ಥಿಗಳು ಬುಕ್ ಮಾಡಿರುತ್ತಾರೆ. ಕೆಲವು ಶಾಲೆಗಳಲ್ಲಿ ಎರಡು ಮೂರು ತಿಂಗಳು ಹಾರದಿದ್ದರೆ ಮತ್ತೆ ಇನ್‌ಸ್ಟ್ರಕ್ಟರ್ ಜೊತೆ ಹಾರಬೇಕು. ಸುರಕ್ಷತೆಗೆ ಅದು ಒಳ್ಳೆಯದೇ, ಆದರೆ ಆ ಖರ್ಚೂ ಸೇರಿಸಿದರೆ ಬಾಡಿಗೆ ಸೋವಿ ಅನ್ನಿಸುವುದಿಲ್ಲ. ಇನ್ನೊಂದು ಸಣ್ಣ ವಿಷಯ, ಯಾರೂ ಹೇಳುವುದಿಲ್ಲ. 172ರಲ್ಲಿ ರೆಕ್ಕೆ ಮೇಲಿದೆ. ಟ್ಯಾಂಕಿನಲ್ಲಿ ಎಷ್ಟು ಪೆಟ್ರೋಲ್ ಇದೆ ಅಂತ ಕಣ್ಣಾರೆ ನೋಡಬೇಕಾದರೆ ಏಣಿ ಹತ್ತಬೇಕು, ಇಲ್ಲವೇ ಬದಿಯ ಮೆಟ್ಟಿಲಿಗೆ ಕಾಲು ಕೊಟ್ಟು ಮೇಲಕ್ಕೆ ಎದ್ದು ನಿಲ್ಲಬೇಕು. ಮಂಡಿ ನೋವಿದ್ದರೆ ಪ್ರತಿ ಸಲ ಅದೇ ಮೊದಲ ಪರೀಕ್ಷೆ. ಕೆಳರೆಕ್ಕೆಯ ವಿಮಾನದಲ್ಲಿ ಟ್ಯಾಂಕ್ ನೋಡುವುದು ಸುಲಭ, ಹತ್ತಿ ಇಳಿಯುವುದು ಕಷ್ಟ. ದುಡ್ಡು ಕೊಡುವ ಮೊದಲು ಅದರೊಳಗೆ ಎರಡು ಸಲ ಹತ್ತಿ ಇಳಿದು ನೋಡಿ.

ಪಾಲಿನ ವಿಮಾನದ ಲೆಕ್ಕ ಸರಳ. ವಿಮಾನದ ಖರ್ಚಿನಲ್ಲಿ ಎರಡು ಭಾಗ: ಹಾರಿದರೂ ಹಾರದಿದ್ದರೂ ಕೊಡಬೇಕಾದ ಹ್ಯಾಂಗರ್, ಇನ್ಶೂರೆನ್ಸ್, ವರ್ಷದ ತಪಾಸಣೆ ಒಂದು ಕಡೆ. ಹಾರಿದಷ್ಟಕ್ಕೆ ಮಾತ್ರ ಬರುವ ಪೆಟ್ರೋಲ್, ಆಯಿಲ್, ಮುಂದಿನ ಇಂಜಿನ್ ದುರಸ್ತಿಗೆ ಕೂಡಿಡುವ ನಿಧಿ ಇನ್ನೊಂದು ಕಡೆ. ಒಬ್ಬನೇ ಮಾಲೀಕನಾದರೆ ಮೊದಲ ಭಾಗವೇ ತಿಂದುಹಾಕುತ್ತದೆ. ನಾಲ್ಕು ಜನರಾದರೆ ಅದು ಕಾಲು ಭಾಗಕ್ಕೆ ಇಳಿಯುತ್ತದೆ, ಎರಡನೆಯದು ಹಾಗೇ ಇರುತ್ತದೆ. ನಾವು ಸೇರಿಕೊಂಡದ್ದು ಸೆಸ್ನಾ 150ರಲ್ಲಿ. ನೂರು ಕುದುರೆ ಶಕ್ತಿಯ ಕಾಂಟಿನೆಂಟಲ್ ಇಂಜಿನ್, ಗಂಟೆಗೆ 20ರಿಂದ 23 ಲೀಟರ್. ದಪ್ಪ ಇಬ್ಬರು ಕೂತರೆ ಭುಜಕ್ಕೆ ಭುಜ ತಾಗುತ್ತದೆ, ಟ್ಯಾಂಕ್ ತುಂಬಿಸಿದರೆ ತೂಕ ಮೀರುತ್ತದೆ, ಸೆಕೆಗಾಲದಲ್ಲಿ ಮೇಲೇರುವುದಕ್ಕೆ ಸಮಯ ಬೇಕು. ಆದರೂ ಒಬ್ಬ ಹಳೇ ಪೈಲಟ್‌ಗೆ ಇದಕ್ಕಿಂತ ಜಾಸ್ತಿ ಏನು ಬೇಕು ಹೇಳಿ. ಬಿಡಿಭಾಗ ಸಿಗುತ್ತದೆ, ಯಾವ ಮೆಕ್ಯಾನಿಕ್‌ಗೂ ಗೊತ್ತಿರುವ ಇಂಜಿನ್, ಒಂದು ಲ್ಯಾಂಡಿಂಗ್ ಸ್ವಲ್ಪ ಜೋರಾದರೂ ತಡೆದುಕೊಳ್ಳುವ ಚಕ್ರದ ಕಾಲುಗಳು. ವಾರದ ದಿನ ಬೆಳಗ್ಗೆ ಏಳು ಗಂಟೆಗೆ ಮನಸ್ಸಾದರೆ ಎಂಟಕ್ಕೆ ಗಾಳಿಯಲ್ಲಿ ಇರಬಹುದು. ಪಾಲುದಾರರಲ್ಲಿ ಕೆಲಸಕ್ಕೆ ಹೋಗುವ ಕಿರಿಯರು ಇಬ್ಬರಿದ್ದರೆ ಇನ್ನೂ ಒಳ್ಳೆಯದು. ಅವರಿಗೆ ಶನಿವಾರ ಭಾನುವಾರ ಬೇಕು, ನಮಗೆ ಮಂಗಳವಾರ ಬುಧವಾರ ಸಾಕು, ಜಗಳವೇ ಬರುವುದಿಲ್ಲ. ಇನ್ಶೂರೆನ್ಸ್ ಒಂದು ಮಾತ್ರ ಮೊದಲೇ ವಿಚಾರಿಸಿಕೊಳ್ಳಿ, ಪಾಲುದಾರರಲ್ಲಿ ಎಲ್ಲರಿಗಿಂತ ಹಿರಿಯರ ವಯಸ್ಸು ನೋಡಿ ಕಂತು ಏರಿಸುವವರಿದ್ದಾರೆ.

ರೋಟ್ಯಾಕ್ಸ್ 912 ಇಂಜಿನ್ನಿನ ಹಗುರ ವಿಮಾನ ಖರ್ಚಿನಲ್ಲಿ 150ನ್ನೂ ಸೋಲಿಸುತ್ತದೆ. ಗಂಟೆಗೆ 15ರಿಂದ 20 ಲೀಟರ್, ಅದೂ ಕಾರಿನ ಪೆಟ್ರೋಲ್. ಸೀಸ ಇರುವ ಏವಿಯೇಷನ್ ಪೆಟ್ರೋಲ್ ಹಾಕಿದರೂ ನಡೆಯುತ್ತದೆ, ಆದರೆ ಆಯಿಲ್ ಬೇಗ ಬೇಗ ಬದಲಿಸಬೇಕು. ಹಳೇ ಇಂಜಿನ್‌ಗೆ ಒಗ್ಗಿದ ಕಿವಿಗೆ ಮೊದಲ ದಿನ ಗಾಬರಿ ಆಗುತ್ತದೆ. ಇಂಜಿನ್ ನಿಮಿಷಕ್ಕೆ ಎಷ್ಟು ಸುತ್ತು ತಿರುಗುತ್ತದೆ ಅಂತ ತೋರಿಸುವ ಟ್ಯಾಕೋಮೀಟರ್‌ನಲ್ಲಿ 5,000 ಮೀರಿದ ಅಂಕಿ ನಿಂತಿರುತ್ತದೆ. ನಡುವೆ ಗೇರ್ ಇದೆ, ನೂರು ಕುದುರೆ ಶಕ್ತಿಯದರಲ್ಲಿ 2.43ಕ್ಕೆ ಒಂದು, ಹಾಗಾಗಿ ಪ್ರೊಪೆಲ್ಲರ್ ತಿರುಗುವುದು ಎರಡು ಸಾವಿರದ ಚಿಲ್ಲರೆಯಲ್ಲೇ. ಆಯಿಲ್ ನೋಡುವ ರೀತಿಯೂ ಬೇರೆ. ಇಗ್ನಿಷನ್ ಆಫ್ ಇದೆ ಅಂತ ಖಚಿತ ಮಾಡಿಕೊಂಡು, ಆಯಿಲ್ ಟ್ಯಾಂಕಿನ ಮುಚ್ಚಳ ತೆಗೆದಿಟ್ಟು, ಪ್ರೊಪೆಲ್ಲರನ್ನು ಅದು ತಿರುಗುವ ದಿಕ್ಕಿಗೇ ಕೈಯಿಂದ ನಿಧಾನವಾಗಿ ತಿರುಗಿಸುತ್ತಾ ಹೋಗಬೇಕು. ಇಂಜಿನ್ ಒಳಗೆ ಇಳಿದು ನಿಂತ ಆಯಿಲ್ ಎಲ್ಲ ಟ್ಯಾಂಕಿಗೆ ವಾಪಸ್ ಬಂದಾಗ ಗುಳುಗುಳು ಅಂತ ಸದ್ದು ಕೇಳುತ್ತದೆ. ಆಮೇಲೆ ಕಡ್ಡಿ ಅದ್ದಿ ನೋಡಬೇಕು. ಕೆಲವು ದಿನ ಆ ಸದ್ದು ಬರುವಷ್ಟರಲ್ಲಿ ಭುಜ ಸೋತು ಹೋಗಿರುತ್ತದೆ.

ಹಾರುವುದಕ್ಕೆ ಬಲು ಚುರುಕು. ಹೊಸ ವಿಮಾನಗಳಲ್ಲಿ ದೊಡ್ಡ ಸ್ಕ್ರೀನ್ ಇದೆ, ಎರಡು ಪವರ್‌ನ ಕನ್ನಡಕ ಹಾಕುವವರಿಗೆ ಇದು ಸಣ್ಣ ವಿಷಯ ಅಲ್ಲ, ಹಳೇ ಡಯಲ್‌ಗಳ ಅಂಕಿ ಹುಡುಕುವ ಕಷ್ಟ ತಪ್ಪುತ್ತದೆ. ಆದರೆ ತೂಕ ಕಡಿಮೆ ಆದ್ದರಿಂದ ಬಿಸಿಲೇರಿದ ಮೇಲೆ ಗಾಳಿ ಎತ್ತಿ ಎತ್ತಿ ಹಾಕುತ್ತದೆ. ಅಡ್ಡಗಾಳಿಯಲ್ಲಿ ಇಳಿಸುವಾಗ, ಮೂತಿ ತಿರುಗಿಸುವ ಪೆಡಲ್ ಮೇಲಿನ ಕಾಲು ಮಲಗಿದ್ದರೆ ಆಗಲ್ಲ. ಬೆಳಗ್ಗೆ ಬೇಗ, ಸಂಜೆ ತಡವಾಗಿ, ಆಗ ಇದರಷ್ಟು ಸುಖ ಇನ್ನೊಂದಿಲ್ಲ. ಕೊಳ್ಳುವ ಬೆಲೆ ಮಾತ್ರ ಹಳೇ ಸೆಸ್ನಾಗಿಂತ ಬಹಳ ಜಾಸ್ತಿ. ಹಾಗಾಗಿ ಒಂಟಿಯಾಗಿ ಕೊಳ್ಳುವುದಕ್ಕೆ ನಾನು ಹೇಳುವುದಿಲ್ಲ. ಐದಾರು ಜನ ಸೇರಿ ಇಂಥದ್ದೊಂದನ್ನು ಕೊಳ್ಳುವ ಅವಕಾಶ ಸಿಕ್ಕರೆ ಮಾತ್ರ ಕಣ್ಣು ಮುಚ್ಚಿ ಸೇರಿಕೊಳ್ಳಬಹುದು.

ಗ್ಲೈಡರ್ ಬಗ್ಗೆ ಸ್ವಲ್ಪ ಜಾಸ್ತಿ ಬರೆಯಬೇಕು, ಯಾಕಂದ್ರೆ ಇಂಜಿನ್ ಪೈಲಟ್‌ಗಳು ಇದನ್ನು ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ. ಅಮೆರಿಕದಲ್ಲಿ ಗ್ಲೈಡರ್‌ಗೆ ಮೆಡಿಕಲ್ ಸರ್ಟಿಫಿಕೇಟೇ ಬೇಡ. ಕ್ಲಬ್ಬಿನಲ್ಲಿ ಎಲ್ಲರೂ ಸೇರಿ ಕೆಲಸ ಮಾಡುವುದರಿಂದ ಖರ್ಚು ಇಳಿಯುತ್ತದೆ, ನೆಲದಲ್ಲಿದ್ದು ಹಗ್ಗ ಸುತ್ತಿಕೊಂಡು ಗ್ಲೈಡರನ್ನು ಮೇಲೆಳೆಯುವ ವಿಂಚ್ ಯಂತ್ರ ಇದ್ದರಂತೂ ಮೇಲೆ ಹೋಗುವುದು ಬಹಳ ಅಗ್ಗ. ನಾನು ಹಾರಿದ್ದು ಹೆಚ್ಚಾಗಿ ಎಎಸ್‌ಕೆ 21ರಲ್ಲಿ, 17 ಮೀಟರ್ ರೆಕ್ಕೆಯ ಎರಡು ಸೀಟಿನ ಜರ್ಮನ್ ಗ್ಲೈಡರ್. ಒಂದು ಕಿಲೋಮೀಟರ್ ಎತ್ತರದಿಂದ ಬಿಟ್ಟರೆ ನಿಂತ ಗಾಳಿಯಲ್ಲಿ ಸುಮಾರು 34 ಕಿಲೋಮೀಟರ್ ತೇಲಿಕೊಂಡು ಹೋಗಬಲ್ಲದು. ಇಂಜಿನ್ ನಿಂತ 172 ಅದೇ ಎತ್ತರದಿಂದ ಹೋಗುವುದು ಒಂಬತ್ತು ಕಿಲೋಮೀಟರ್ ಆಸುಪಾಸು.

ಪೈಲಟ್ ತಲೆಯ ಮೇಲಿನ ಪಾರದರ್ಶಕ ಮುಚ್ಚಳದ (ಕ್ಯಾನೊಪಿಯ) ಗಾಜಿನ ಮೇಲೆ ಬೆರಳುದ್ದದ ಒಂದು ಉಣ್ಣೆ ದಾರ ಅಂಟಿಸಿರುತ್ತಾರೆ. ಅದು ನೇರ ನಿಂತರೆ ವಿಮಾನ ಗಾಳಿಯನ್ನು ಸರಿಯಾಗಿ ಸೀಳುತ್ತಿದೆ ಅಂತ ಅರ್ಥ. ಉದ್ದ ರೆಕ್ಕೆ ಆದ್ದರಿಂದ ಸ್ಟಿಕ್ ಎಡಕ್ಕೆ ಒತ್ತಿದ ಕೂಡಲೇ ಮೂತಿ ಬಲಕ್ಕೆ ಎಳೆಯುತ್ತದೆ, ದಾರ ಓರೆಯಾಗುತ್ತದೆ. ಕಾಲು ಜೊತೆಜೊತೆಗೇ ಕೆಲಸ ಮಾಡಿದರೆ ಮಾತ್ರ ನೇರವಾಗುತ್ತದೆ. ವರ್ಷಗಟ್ಟಲೆ ಸೆಸ್ನಾದಲ್ಲಿ ಮಲಗಿದ್ದ ಕಾಲು ಇಲ್ಲಿ ಎಚ್ಚರವಾಗುತ್ತದೆ. ಗ್ಲೈಡರ್ ಕಲಿತ ಮೇಲೆ 150ರಲ್ಲಿ ನನ್ನ ಲ್ಯಾಂಡಿಂಗ್ ಸುಧಾರಿಸಿದ್ದು ಪಾಲುದಾರರೇ ಗುರುತಿಸಿದರು. ಪ್ರತಿ ಸಲ ಇಂಜಿನ್ ಇಲ್ಲದೆ ಇಳಿಯುವ ಅಭ್ಯಾಸ ಆಗುತ್ತದಲ್ವಾ, ಅದು ಎಲ್ಲಿ ಬೇಕಾದರೂ ಉಪಯೋಗಕ್ಕೆ ಬರುತ್ತದೆ.

ಕಷ್ಟಗಳೂ ಇವೆ. ಅರ್ಧ ಗಂಟೆ ಹಾರುವುದಕ್ಕೆ ಇಡೀ ದಿನ ಮೈದಾನದಲ್ಲಿ ಇರಬೇಕು. ಬಿಸಿಲಲ್ಲಿ ನಿಂತು ಹಗ್ಗ ಸಿಕ್ಕಿಸಬೇಕು, ರೆಕ್ಕೆ ತುದಿ ಹಿಡಿದು ಓಡಬೇಕು, ಇಳಿದದ್ದನ್ನು ತಳ್ಳಬೇಕು. ಓಡುವುದಕ್ಕೆ ಆಗದವರಿಗೆ ಸಮಯ ಬರೆಯುವ ಕೆಲಸ, ವಿಂಚ್ ಕೆಲಸ ಕೊಡುತ್ತಾರೆ. ಒರಗಿ ಕೂರುವ ಸೀಟು, ಬೆನ್ನು ನೋವಿದ್ದವರು ಎದ್ದು ಬರುವುದಕ್ಕೆ ಒಬ್ಬರ ಕೈ ಬೇಕಾಗುತ್ತದೆ. ನೀರು ಕುಡಿಯದೆ ಹಾರುವುದು ಅಪಾಯ, ಕುಡಿದರೆ ಎರಡು ಗಂಟೆ ಕೂರುವುದು ಕಷ್ಟ, ಈ ವಯಸ್ಸಿನವರಿಗೆ ಬಿಡಿಸಿ ಹೇಳಬೇಕಾಗಿಲ್ಲ.

ಇಡೀ ದಿನ ಕೊಡಲು ಆಗದವರಿಗೆ ಮೋಟಾರ್ ಗ್ಲೈಡರ್ ಇದೆ, ಗ್ರೋಬ್ 109 ಅಥವಾ ಹಾಫ್‌ಮನ್ ಡಿಮೋನಾ ಥರದ್ದು. ತಾನೇ ಟೇಕಾಫ್ ಆಗುತ್ತದೆ, ಮೇಲೆ ಹೋಗಿ ಇಂಜಿನ್ ನಿಲ್ಲಿಸಿ ತೇಲಬಹುದು, ಅಮೆರಿಕದಲ್ಲಿ ಲೈಸೆನ್ಸ್ ಗ್ಲೈಡರ್‌ನದೇ ಆದ್ದರಿಂದ ಮೆಡಿಕಲ್ ತಂಟೆ ಇಲ್ಲ. ಕಾಗದದ ಮೇಲೆ ಎಲ್ಲಕ್ಕಿಂತ ಒಳ್ಳೆಯದು ಇದೇ. ತೊಂದರೆ ಇರುವುದು ರೆಕ್ಕೆಯಲ್ಲಿ. 16, 17 ಮೀಟರ್ ಉದ್ದ, ಸಾಮಾನ್ಯ ಹ್ಯಾಂಗರ್‌ಗೆ ಹಿಡಿಸುವುದಿಲ್ಲ, ಸಣ್ಣ ಏರ್‌ಫೀಲ್ಡ್‌ಗಳ ಟ್ಯಾಕ್ಸಿವೇಯಲ್ಲಿ ಬದಿಯ ದೀಪ, ಬೇಲಿ ಎಲ್ಲ ನೋಡಿಕೊಂಡು ಹೋಗಬೇಕು. ಮಾರಾಟಕ್ಕೆ ಸಿಗುವುದೂ ಅಪರೂಪ. ಹತ್ತಿರದಲ್ಲಿ ಪಾಲು ಸಿಕ್ಕರೆ ಬಿಡಬೇಡಿ.

ಟ್ರೈಕ್ ಅಂದರೆ ಮೇಲೆ ಬಟ್ಟೆಯ ರೆಕ್ಕೆ, ಕೆಳಗೆ ತೂಗುವ ಮೂರು ಚಕ್ರದ ಗಾಡಿ. ಎಲ್ಲಕ್ಕಿಂತ ಅಗ್ಗ, ರೆಕ್ಕೆ ಮಡಚಿ ಟ್ರೈಲರ್‌ನಲ್ಲಿ ಮನೆಗೆ ತರಬಹುದು. ಹಳೇ ಪೈಲಟ್‌ಗಳಿಗೆ ನಾನು ಇದನ್ನು ಬೇಡ ಅನ್ನುತ್ತೇನೆ, ಕಾರಣ ಖರ್ಚಲ್ಲ. ಇದರ ಹಿಡಿತ ನಮ್ಮ ಅಭ್ಯಾಸಕ್ಕೆ ಪೂರ್ತಿ ಉಲ್ಟಾ. ವಿಮಾನದಲ್ಲಿ ಸ್ಟಿಕ್ ಮುಂದೆ ತಳ್ಳಿದರೆ ಮೂತಿ ಇಳಿಯುತ್ತದೆ. ಇಲ್ಲಿ ಬಾರ್ ಮುಂದೆ ತಳ್ಳಿದರೆ ಮೂತಿ ಏಳುತ್ತದೆ, ಬಲಕ್ಕೆ ಸರಿಸಿದರೆ ಎಡಕ್ಕೆ ವಾಲುತ್ತದೆ. ನೆಲದ ಮೇಲೆ ಮುಂದಿನ ಚಕ್ರವನ್ನು ಕಾಲಿನಿಂದ ತಿರುಗಿಸುವುದೂ ತಿರುಗಾ ಮುರುಗಾ. ನಿಧಾನವಾಗಿ ಹಾರುವಾಗ ನೆನಪಿಟ್ಟುಕೊಳ್ಳಬಹುದು. ಇಳಿಯುವಾಗ ಗಾಳಿ ಒಮ್ಮೆ ಎತ್ತಿ ಹಾಕಿದರೆ ಕೈ ಹಳೇ ಅಭ್ಯಾಸಕ್ಕೆ ಓಡುತ್ತದೆ, ಅದನ್ನು ತಡೆಯುವಷ್ಟು ಸಮಯ ಇರುವುದಿಲ್ಲ. ವಿಮಾನವನ್ನೇ ಹಾರಿಸದೆ ಟ್ರೈಕಿನಲ್ಲೇ ಕಲಿತವರಿಗೆ ಈ ತೊಂದರೆ ಇಲ್ಲ.

ಅಮೆರಿಕದಲ್ಲಿ ಲೈಸೆನ್ಸೇ ಬೇಡದ ಒಂದೇ ಸೀಟಿನ ಅಲ್ಟ್ರಾಲೈಟ್ ಕೂಡ ಇದೆ. ಖಾಲಿ ತೂಕ ಸುಮಾರು 115 ಕೆಜಿ ಒಳಗೆ, ಪೆಟ್ರೋಲ್ 19 ಲೀಟರ್ ಒಳಗೆ. ಸೀಟು ಒಂದೇ ಆದ್ದರಿಂದ ಜೊತೆಗೆ ಇನ್‌ಸ್ಟ್ರಕ್ಟರ್ ಕೂರಲು ಆಗುವುದಿಲ್ಲ, ಅದೇ ನನಗೆ ಸಾಕಾದ ಕಾರಣ. ನಾನು ಹಾರಿಸಿಲ್ಲ.

ಕೊನೆಗೆ, ಪಾಲು ಸೇರುವ ಮೊದಲು ಕೇಳಬೇಕಾದದ್ದು. ಇಂಜಿನ್ ಲಾಗ್‌ಬುಕ್ ತರಿಸಿ ಓದಿ. 2,000 ಗಂಟೆಗೆ ಓವರ್‌ಹಾಲ್ (ಪೂರ್ತಿ ಬಿಚ್ಚಿ ಮಾಡುವ ದುರಸ್ತಿ) ಅಂತ ಹೇಳಿದ ಇಂಜಿನ್ 1,700ರಲ್ಲಿ ಇದ್ದರೆ, ಅದಕ್ಕೆ ನಿಧಿಯಲ್ಲಿ ಎಷ್ಟು ದುಡ್ಡು ಕೂಡಿಟ್ಟಿದ್ದಾರೆ ಅಂತ ನೇರವಾಗಿ ಕೇಳಿ. ಖಾಲಿ ಅಂದರೆ ಪಾಲಿನ ಬೆಲೆ ಅಷ್ಟು ಇಳಿಸಲೇಬೇಕು. ಎಷ್ಟು ಗಂಟೆ ಹಾರಿದೆ ಅನ್ನುವಷ್ಟೇ ಮುಖ್ಯ ಎಷ್ಟು ತಿಂಗಳು ಸುಮ್ಮನೆ ನಿಂತಿತ್ತು ಅನ್ನುವುದು, ನಿಂತ ಇಂಜಿನ್ ಒಳಗೆ ತುಕ್ಕು ಹಿಡಿಯುತ್ತದೆ. ಒಬ್ಬರು ಹೊರಗೆ ಹೋಗಬೇಕಾದರೆ ಪಾಲು ಯಾರು ಕೊಳ್ಳುತ್ತಾರೆ, ಮೆಡಿಕಲ್ ಹೋದರೆ ಏನು, ತೀರಿಕೊಂಡರೆ ಮನೆಯವರಿಗೆ ದುಡ್ಡು ಎಷ್ಟು ದಿನದೊಳಗೆ ವಾಪಸ್, ಇದೆಲ್ಲ ಕಾಗದದಲ್ಲಿ ಬರೆದಿರಬೇಕು. ಕೇಳುವುದಕ್ಕೆ ಮುಜುಗರ ಆಗುತ್ತದೆ, ಆದರೂ ಸಹಿ ಹಾಕುವ ಮೊದಲೇ ಕೇಳಿಬಿಡಿ.