ಬೀಗ ಹಾಕಿ ಒಯ್ಯುವ ಶಾಲೆ: ಯುನಿಸೆಫ್‌ನ ‘ಸ್ಕೂಲ್ ಇನ್ ಎ ಬಾಕ್ಸ್’ ಹೇಗಿದೆ?

ವಿಶ್ವಸಂಸ್ಥೆಯ ಮಕ್ಕಳ ಸಂಸ್ಥೆ ಯುನಿಸೆಫ್ ಕಳಿಸುವ, ಬೀಗ ಹಾಕಬಹುದಾದ ಅಲ್ಯೂಮಿನಿಯಂ ಪೆಟ್ಟಿಗೆ. ಒಳಗೆ ನೋಟ್‌ಬುಕ್ಕು, ಪೆನ್ಸಿಲ್, ರಬ್ಬರ್, ಕತ್ತರಿ, ಚಾಕ್, ಎಣಿಕೆಗೆ ಪ್ಲಾಸ್ಟಿಕ್ ಘನಗಳು, ಅಕ್ಷರಮಾಲೆ ಮತ್ತು ಮಗ್ಗಿಯ ಪಟಗಳು, ಮರದ ಗಡಿಯಾರ, ಒಂದು ಡಬ್ಬಿ ಕಪ್ಪು ಬಣ್ಣ. ಕಟ್ಟಡ ಬಿದ್ದ ಊರಿನಲ್ಲೂ ನಿರಾಶ್ರಿತರ ಡೇರೆಯಲ್ಲೂ ತರಗತಿ ಶುರು ಮಾಡಲು ಇಷ್ಟು ಸಾಕು ಎಂಬುದು ಇದನ್ನು ರೂಪಿಸಿದವರ ಲೆಕ್ಕ. 1990ರ ದಶಕದಲ್ಲಿ ಸೊಮಾಲಿಯಾ, ರುವಾಂಡಗಳ ಅಂತರ್ಯುದ್ಧದ ನಡುವೆ ಪಳಗಿದ ಲೆಕ್ಕವಿದು. ಸಾಮಾನು ಬಾಳುವ ಮೊದಲ ಮೂರು ತಿಂಗಳ ಮಟ್ಟಿಗೆ ಲೆಕ್ಕ ಸರಿಯಾಗಿಯೇ ಇದೆ.

ಹಳೆಯ ಮಾದರಿ ಒಬ್ಬ ಶಿಕ್ಷಕರು, 80 ಮಕ್ಕಳು ಎಂಬ ಅಳತೆಯದು. 80 ಮಂದಿಯನ್ನು ಒಟ್ಟಿಗೆ ಕೂರಿಸಬೇಕೆಂದಲ್ಲ, ಬೆಳಿಗ್ಗೆ 40, ಮಧ್ಯಾಹ್ನ 40, ಎರಡು ಪಾಳಿ. 40 ಮಕ್ಕಳ ಪೆಟ್ಟಿಗೆಯೂ ಇದೆ, ತರಿಸುವವರು ಬೇಡಿಕೆ ಪಟ್ಟಿ ಬರೆಯುವಾಗ ಯಾವುದು ಎಂದು ನೋಡಿಕೊಳ್ಳಿ. ಇಲ್ಲಿ ಎಡವಿದರೆ ಪೆನ್ಸಿಲ್ ಅರ್ಧ ಮಕ್ಕಳಿಗೆ ಸಿಕ್ಕಿ ಉಳಿದರ್ಧಕ್ಕೆ ಸಿಗುವುದಿಲ್ಲ. ಎಲ್ಲ ಕಳೆದುಕೊಂಡು ಬಂದ ಮಕ್ಕಳ ನಡುವೆ ಅದಕ್ಕಿಂತ ಕೆಟ್ಟ ಆರಂಭ ಬೇರೆ ಬೇಕಿಲ್ಲ.

ಮೆಚ್ಚಬೇಕಾದದ್ದು ನೋಟ್‌ಬುಕ್ಕಿನ ಯೋಚನೆ. ಹಾಳೆಗೆ ಮಾರ್ಜಿನ್ ಗೆರೆಯೇ ಇಲ್ಲ. ಎಡದಿಂದ ಬರೆಯುವ ಮಗುವಿಗೂ, ಅರಬ್ಬಿಯಂತೆ ಬಲದಿಂದ ಬರೆಯುವ ಮಗುವಿಗೂ ಅದೇ ಪುಸ್ತಕ ನಡೆಯುತ್ತದೆ. ಯಾವ ದೇಶದ ಪಠ್ಯವೂ ಪೆಟ್ಟಿಗೆಯಲ್ಲಿಲ್ಲ. ಕಲಿಸುವುದೇನು ಎಂಬುದನ್ನು ಆಯಾ ಜಾಗದವರೇ ತೀರ್ಮಾನಿಸಿ, ಕತೆಪುಸ್ತಕ, ಆಟಿಕೆ, ವಾದ್ಯಗಳನ್ನು ಅಲ್ಲೇ ಕೊಂಡು ಸೇರಿಸಬೇಕು. ಎರಡು ಬಣದ ಮಕ್ಕಳು ಒಂದೇ ಡೇರೆಯಲ್ಲಿ ಕೂರುವ ಕಡೆ ಈ ಖಾಲಿತನ ದೊಡ್ಡ ಉಪಕಾರ. ಆದರೆ ‘ಸೇರಿಸಬೇಕು’ ಎಂಬ ಮಾತನ್ನು ಮರೆತವರು ಮಕ್ಕಳಿಂದ ವಾರಗಟ್ಟಲೆ ಮಗ್ಗಿಯನ್ನೇ ಬರೆಸುತ್ತಾರೆ.

ಮುಚ್ಚಳಕ್ಕೆ ಬಣ್ಣ ಬಳಿದರೆ ಅದೇ ಕರಿಹಲಗೆ. ಅವಸರದಲ್ಲಿ ಹೆಚ್ಚಾಗಿ ಕೆಡುವುದು ಇದೇ. ಲೋಹದ ಮೇಲೆ ಎಣ್ಣೆಯ ಪಸೆಯೋ ದೂಳೋ ಇದ್ದರೆ ಬಣ್ಣ ಹಕ್ಕಳೆಯಾಗಿ ಏಳುತ್ತದೆ. ಒರೆಸಿ, ಮರಳು ಕಾಗದದಿಂದ ತುಸು ಉಜ್ಜಿ, ದಪ್ಪಗೆ ಒಂದು ಸಲ ಮೆತ್ತುವ ಬದಲು ತೆಳುವಾಗಿ ಎರಡು ಸಲ ಬಳಿಯಿರಿ. ಪೂರ್ತಿ ಒಣಗಿದ ಮೇಲೆ ಚಾಕನ್ನು ಅಡ್ಡ ಹಿಡಿದು ಹಲಗೆಯಿಡೀ ತೀಡಿ ಒರೆಸಿ, ಆಮೇಲೆ ಬರೆಯಿರಿ. ಇಲ್ಲವಾದರೆ ಮೊದಲ ದಿನ ಬರೆದದ್ದರ ನೆರಳು ಅಳಿಸಿದರೂ ಉಳಿಯುತ್ತದೆ. ಮುಚ್ಚಳ ಚಿಕ್ಕದು, ಹಿಂದಿನ ಸಾಲಿಗೆ ಸಣ್ಣ ಅಕ್ಷರ ಕಾಣದು. ಆದ್ದರಿಂದ ಅರ್ಧಚಂದ್ರಾಕಾರದಲ್ಲಿ ಕೂರಿಸುವುದು ಒಳ್ಳೆಯದು.

ಮರದ ಗಡಿಯಾರ ಆಟದ ಸಾಮಾನಿನಂತೆ ಕಂಡರೂ ನಮ್ಮ ದೃಷ್ಟಿಯಲ್ಲಿ ಪೆಟ್ಟಿಗೆಯ ಬೆಲೆ ಇರುವುದೇ ಅದರಲ್ಲಿ. ಶೆಲ್ ದಾಳಿ, ವಲಸೆ, ಪಡಿತರದ ಸರದಿಗಳಲ್ಲಿ ದಿನದ ಲೆಕ್ಕ ತಪ್ಪಿಹೋದ ಮಕ್ಕಳಿಗೆ ‘ಮುಳ್ಳು ಇಲ್ಲಿಗೆ ಬಂದಾಗ ಹಾಡು, ಇಲ್ಲಿಗೆ ಬಂದಾಗ ಮನೆಗೆ’ ಎಂದು ಬೆಳಿಗ್ಗೆಯೇ ತೋರಿಸಿ, ಹೇಳಿದಂತೆ ನಡೆದುಕೊಳ್ಳಿ. ಪಾಠ ಒಂದು ಗಂಟೆಯದಾದರೂ ಆಗಲಿ, ಹೊತ್ತು ಮಾತ್ರ ತಪ್ಪಬಾರದು. ಕೀಲಿ ಕೊಟ್ಟೋ ಬಿಸಿಲಿನಿಂದಲೋ ನಡೆಯುವ ರೇಡಿಯೊ ಕೆಲವು ಪೆಟ್ಟಿಗೆಗಳಲ್ಲಿ ಇರುತ್ತದೆ. ತರಗತಿಯ ಹೊತ್ತಿನಲ್ಲಿ ಅದರಲ್ಲಿ ವಾರ್ತೆ ಹಾಕಬೇಡಿ.

ಚಿತ್ರ ಬಿಡಿಸಲು ಹಾಳೆ ಕೊಟ್ಟಾಗ ವಿಮಾನ, ಟ್ಯಾಂಕು, ಬಂದೂಕು ಬಂದರೆ ಬರಲಿ. ‘ಇದು ಬೇಡ, ಹೂವು ಬರೆ’ ಎನ್ನುವುದೂ ತಪ್ಪು, ‘ಏನೇನು ನೋಡಿದೆ ಹೇಳು’ ಎಂದು ಕೆದಕುವುದೂ ತಪ್ಪು. ‘ಶಾಂತಿಯ ಚಿತ್ರ ಬರೆಯಿರಿ’ ಎಂದರೆ ಹಲಗೆಯ ಮೇಲಿನ ಪಾರಿವಾಳದ 40 ನಕಲು ಸಿಗುತ್ತದೆ, ಅಷ್ಟೆ. ‘ನಾಳೆ ಸಂಜೆ ಏನು ಆಡುತ್ತೀ’ ಎಂದು ಕೇಳಿ ಬಿಡಿಸಲು ಹೇಳಿದರೆ ಅವರಿಗೆ ಬೇಕಾದ ಶಾಂತಿ ತಾನಾಗಿ ಹಾಳೆಗೆ ಇಳಿಯುತ್ತದೆ. ಮಾತಿಲ್ಲದೆ ಕೂತೇ ಇರುವ, ಬೆಚ್ಚಿಬೀಳುವುದು ವಾರಗಳಾದರೂ ನಿಲ್ಲದ ಮಗುವನ್ನು ತರಬೇತಾದವರಿಗೆ ತೋರಿಸಬೇಕು. ಕ್ರೇಯಾನು ಅದಕ್ಕೆ ಔಷಧವಲ್ಲ.

ಜೊತೆಗೆ ತರಿಸಬಹುದಾದ ಆಟದ ಪೆಟ್ಟಿಗೆ 90 ಮಕ್ಕಳವರೆಗೆ ಸಾಕಾಗುತ್ತದೆ. ಚೆಂಡು, ತಂಡದ ಬಣ್ಣದ ಅಂಗಿ, ಅಂಕಣ ಗುರುತಿಸಲು ಅಳತೆ ಟೇಪು, ಸೀಟಿ, ಅಂಕ ಬರೆಯುವ ಹಲಗೆ ಅದರಲ್ಲಿವೆ. ಟೇಪು ಬಿಚ್ಚುವ ಮೊದಲೇ ಒಂದು ಕೆಲಸವಿದೆ. ಅಲ್ಲಿ ನೆಲಬಾಂಬು, ಸಿಡಿಯದ ಗುಂಡು ಇಲ್ಲವೆಂದು ತೆರವು ಮಾಡುವ ತಂಡದಿಂದ ಖಾತ್ರಿ ಪಡೆಯಬೇಕು. ಚೆಂಡು ಉರುಳಿಹೋಗುವಷ್ಟು ದೂರದ ಸುತ್ತಲಿನ ನೆಲವೂ ಆ ಖಾತ್ರಿಯೊಳಗೆ ಬರಬೇಕು. ಅಂಕಣ ಸುರಕ್ಷಿತವಾಗಿದ್ದು ಆಚೆಯ ಪೊದೆ ಅಲ್ಲದಿದ್ದರೆ, ಚೆಂಡೇ ಮಗುವನ್ನು ಅಪಾಯಕ್ಕೆ ಕರೆದೊಯ್ಯುತ್ತದೆ. ಸೀಟಿಗೆ ಕೆಲವು ಮಕ್ಕಳು ಕಿವಿ ಮುಚ್ಚಿ ಕುಸಿಯುವುದುಂಟು. ಚಪ್ಪಾಳೆ ಸಾಕು.

ಈ ಪೆಟ್ಟಿಗೆಯಲ್ಲಿ ಶಿಕ್ಷಕರ ಸಂಬಳವಿಲ್ಲ, ಶೌಚಾಲಯವಿಲ್ಲ, ಪರೀಕ್ಷೆಗೆ ಮಾನ್ಯತೆಯಿಲ್ಲ. ಪೆನ್ಸಿಲ್ ಮುಗಿದದ್ದು ಎಲ್ಲರ ಕಣ್ಣಿಗೂ ಬೀಳುತ್ತದೆ. ಸಂಬಳ ಸಿಗದ ಶಿಕ್ಷಕಿ ಬೇರೆ ಕೂಲಿ ಹುಡುಕಿಕೊಂಡು ಹೋದಮೇಲೆಯೇ ತರಗತಿ ನಿಂತದ್ದು ಗೊತ್ತಾಗುವುದು. ಎರಡನೇ ತಿಂಗಳಲ್ಲಿಯೇ ಉಳಿದ ಸಾಮಾನು ಎಣಿಸಿ ಬದಲಿ ಸಾಮಾನಿಗೆ ಬರೆದು ಹಾಕಿ, ಅದೇ ಕಾಗದದಲ್ಲಿ ಶಿಕ್ಷಕರ ಭತ್ಯೆ ಯಾರು ಕೊಡುತ್ತಾರೆ ಎಂದೂ ಕೇಳಿ.