ಐಕ್ಯೂಬ್: ಪೆಟ್ರೋಲಿನ ದುಡ್ಡಿನಲ್ಲಿ ಓಡುವ ವಿದ್ಯುತ್ ಸ್ಕೂಟರ್

ಟಿವಿಎಸ್ ಐಕ್ಯೂಬ್ ಸ್ಕೂಟರನ್ನು ನಾನು ಕೊಂಡದ್ದು 2023ರ ಮೇ ತಿಂಗಳ ಕೊನೆಯ ವಾರದಲ್ಲಿ. ಜೂನ್ 1ರಿಂದ, ವಿದ್ಯುತ್ ವಾಹನ ಕೊಳ್ಳುವವರಿಗೆ ಕೇಂದ್ರ ಸರ್ಕಾರ ಕೊಡುತ್ತಿದ್ದ ಫೇಮ್ ಸಬ್ಸಿಡಿಯು ಬ್ಯಾಟರಿಯ ಪ್ರತಿ ಕಿಲೋವ್ಯಾಟ್ ಅವರ್‌ಗೆ, ಅಂದರೆ ಒಂದು ಯೂನಿಟ್ ವಿದ್ಯುತ್ ಹಿಡಿಯುವ ಸಾಮರ್ಥ್ಯಕ್ಕೆ, 15,000 ರೂಪಾಯಿಯಿಂದ 10,000ಕ್ಕೆ ಇಳಿಯುವುದಿತ್ತು. ಗಾಡಿಯ ಕಾರ್ಖಾನೆ ಬೆಲೆಯ ಶೇ 40ರವರೆಗೆ ಸಿಗುತ್ತಿದ್ದ ನೆರವಿಗೆ ಶೇ 15ರ ಮಿತಿ ಬೀಳುವುದಿತ್ತು. ಹೀಗಾಗಿ ಆ ವಾರ ಮೈಸೂರಿನ ಷೋರೂಮುಗಳಲ್ಲಿ ಜಾತ್ರೆಯಂತೆ ಜನ ಸೇರಿದ್ದರು. ಅದಕ್ಕೂ ಮೊದಲು ನಮ್ಮ ಮನೆಯಲ್ಲಿ ಒಂದು ಹೊಸ ಕಂಪನಿಯ ವಿದ್ಯುತ್ ಸ್ಕೂಟರ್ ಇತ್ತು. ಬಿಡಿಭಾಗವೊಂದಕ್ಕಾಗಿ ಅದು ಮೂರು ವಾರ ಸರ್ವಿಸ್ ಸೆಂಟರಿನಲ್ಲಿ ನಿಂತಿದ್ದು, ನಾನು ದಿನವೂ ಆಟೊ ಹಿಡಿದು ಓಡಾಡಿದ್ದು, ಕೊನೆಗೆ ಸಿಕ್ಕಷ್ಟಕ್ಕೆ ಮಾರಿದ್ದು ಹಳೆಯ ಕಥೆ. ಆ ಕಂಪನಿಯ ಹೆಸರು ಇಲ್ಲಿ ಬೇಡ. ಈ ಬರಹದಲ್ಲಿ ಮುಂದೆ ಬರುವ ಯಾವ ಕಂಪನಿಯೂ ಅದಲ್ಲ. ಆದರೆ ಮೂವತ್ತು ವರ್ಷ ಬ್ಯಾಂಕಿನಲ್ಲಿ ಕುಳಿತು ಪರರ ಸಾಲದ ಅರ್ಜಿಗಳನ್ನು ಜರಡಿ ಹಿಡಿದ ನಾನು, ಸ್ವಂತಕ್ಕೆ ಗಾಡಿ ಕೊಳ್ಳುವಾಗ ಮಾತ್ರ ಮಾರುವವನ ಲೆಕ್ಕಪತ್ರ ನೋಡಿರಲಿಲ್ಲ ಎಂಬ ನಾಚಿಕೆ ಇನ್ನೂ ಹೋಗಿಲ್ಲ. ಎರಡನೆಯ ಸಲ ಗಾಡಿಯನ್ನೂ ನೋಡಿದೆ, ಕಂಪನಿಯ ಲಾಭ ನಷ್ಟವನ್ನೂ ನೋಡಿದೆ. ಈ ವಿಮರ್ಶೆಯೂ ಅದೇ ಕ್ರಮದಲ್ಲಿದೆ.

ಮೊದಲು ಗಾಡಿ. ನನ್ನದು 3.04 ಕಿಲೋವ್ಯಾಟ್ ಅವರ್ ಬ್ಯಾಟರಿಯ ಮಾದರಿ. ಮೋಟಾರು ಹಿಂದಿನ ಚಕ್ರದ ಒಳಗೇ ಇದೆ. ಚೈನಾಗಲಿ ಬೆಲ್ಟಾಗಲಿ ಇಲ್ಲ. ಗರಿಷ್ಠ ವೇಗ ಗಂಟೆಗೆ 78 ಕಿ.ಮೀ., ನಿಂತಲ್ಲಿಂದ 40 ಮುಟ್ಟಲು 4.2 ಸೆಕೆಂಡ್. ಏಥರ್ ಕಂಪನಿಯ 450 ಎಂಬ ವಿದ್ಯುತ್ ಸ್ಕೂಟರ್ ಓಡಿಸಿದವರಿಗೆ ಇದು ಸಪ್ಪೆ ಎನಿಸುವುದು ಸಹಜ. ಹಿಂದೆ ಮಡದಿಯನ್ನು ಕೂರಿಸಿಕೊಂಡು, ಮುಂದೆ ದೇವರಾಜ ಮಾರುಕಟ್ಟೆಯ ತರಕಾರಿ ಚೀಲ ಇಟ್ಟುಕೊಂಡು ಸಾಗುವ ನನ್ನಂಥವನಿಗೆ ಈ ಸಪ್ಪೆತನವೇ ರುಚಿ. ಆಕ್ಸಿಲರೇಟರ್ ತಿರುವಿದಷ್ಟೇ ಮುಂದೆ ಹೋಗುತ್ತದೆ, ಜಿಗಿಯುವುದಿಲ್ಲ. ಇಕ್ಕಟ್ಟಾದ ಕಡೆ ನಿಲ್ಲಿಸುವಾಗ ಹಿಂದಕ್ಕೆ ಚಲಿಸುವ ಸೌಲಭ್ಯವಿರುವುದು ಮಂಡಿನೋವು ಇರುವವರಿಗೆ ದೊಡ್ಡ ಉಪಕಾರ. ಚಾಮುಂಡಿ ಬೆಟ್ಟವನ್ನು ಇಬ್ಬರು ಕೂತು ಹಲವು ಸಲ ಹತ್ತಿದ್ದೇವೆ, ಏದುಸಿರು ಬಿಟ್ಟಿಲ್ಲ. ನೋಡುವುದಕ್ಕೂ ಇದು ವಿದ್ಯುತ್ ಗಾಡಿ ಎಂದು ಕೂಗಿ ಹೇಳುವುದಿಲ್ಲ. ಪೆಟ್ರೋಲ್ ಸ್ಕೂಟರಿನ ಪಕ್ಕ ನಿಂತರೆ ಅಣ್ಣತಮ್ಮಂದಿರಂತೆ ಕಾಣುತ್ತದೆ.

ಕೊರತೆ ಎನ್ನಬಹುದಾದದ್ದು ವೇಗದ ಚಾರ್ಜಿಂಗ್ ಇಲ್ಲದಿರುವುದು. ಜತೆಗೆ ಬರುವ 650 ವ್ಯಾಟ್ ಚಾರ್ಜರಿನಲ್ಲಿ ಶೇ 80ರಷ್ಟು ತುಂಬಲು ನಾಲ್ಕೂವರೆ ಗಂಟೆ ಬೇಕು. ಈ ವಿಷಯದಲ್ಲಿ ದಾರಿ ಬದಿಯಲ್ಲಿ ಸ್ವಂತ ಚಾರ್ಜಿಂಗ್ ಜಾಲ ಕಟ್ಟಿದ ಏಥರ್ ಬಹಳ ಮುಂದಿದೆ. ಊರೊಳಗೆ ದಿನಕ್ಕೆ ಇಪ್ಪತ್ತು ಕಿ.ಮೀ. ಓಡಿಸಿ ಮೂರು ದಿನಕ್ಕೊಮ್ಮೆ ರಾತ್ರಿ ಪ್ಲಗ್ಗಿಗೆ ಹಾಕುವ ನನಗೆ ಅದು ಬೇಕಾಗಿಲ್ಲ. ನಂಜನಗೂಡಿಗೆ ಹೋಗಿ ಬಂದರೂ ಐವತ್ತು ಕಿ.ಮೀ. ಆಸುಪಾಸು. ಮೈಸೂರಿನಿಂದ ಮಡಿಕೇರಿಗೆ ಹೊರಡುವವರು ಮಾತ್ರ ಬೇರೆ ಗಾಡಿ ನೋಡಿಕೊಳ್ಳುವುದು ಒಳ್ಳೆಯದು. ಗೃಹಜ್ಯೋತಿಯ ಫಲಾನುಭವಿಗಳಿಗೆ ಒಂದು ಕಿವಿಮಾತು: ಉಚಿತ ವಿದ್ಯುತ್ತಿನ ಲೆಕ್ಕ 2022-23ನೇ ಸಾಲಿನ ಸರಾಸರಿ ಬಳಕೆಯ ಮೇಲೆ ನಿಂತಿರುವುದರಿಂದ, ಆಮೇಲೆ ಬಂದ ಸ್ಕೂಟರಿನ ಖರ್ಚು ಅದರಲ್ಲಿ ಸೇರಿರುವುದಿಲ್ಲ. ತಿಂಗಳಿಗೆ ಸುಮಾರು 20-25 ಯೂನಿಟ್ ಹೆಚ್ಚಾದರೆ ಬಿಲ್ ಬಂದೇ ಬರುತ್ತದೆ, ಒಟ್ಟು 200 ದಾಟಿದರೆ ಪೂರ್ತಿ ಬಿಲ್ಲನ್ನೇ ಕಟ್ಟಬೇಕು. ಹಾಗಿದ್ದರೂ ತಿಂಗಳಿಗೆ 13 ಲೀಟರ್ ಪೆಟ್ರೋಲ್ ಉಳಿಯುವ ನನ್ನ ಲೆಕ್ಕದಲ್ಲಿ ಅದು ನಷ್ಟವಲ್ಲ.

ಇಷ್ಟು ಹದವಾದ ಗಾಡಿಯನ್ನು ಟಿವಿಎಸ್ ತನ್ನಷ್ಟಕ್ಕೆ ತಾನೇ ಮಾಡಿತು ಎಂದು ಮಾತ್ರ ನಾನು ಹೇಳಲಾರೆ. ಐಕ್ಯೂಬ್ 2020ರ ಜನವರಿಯಲ್ಲಿ ಬೆಂಗಳೂರಿನಲ್ಲಿ ಬಿಡುಗಡೆಯಾದಾಗ ಅದರ ಬ್ಯಾಟರಿ 2.25 ಕಿಲೋವ್ಯಾಟ್ ಅವರ್, ಹೇಳಿಕೊಂಡ ದೂರ 75 ಕಿ.ಮೀ., ಮಾರಾಟ ಮೊದಲಿಗೆ ಬೆಂಗಳೂರಿನಲ್ಲಿ ಮಾತ್ರ. ಐಐಟಿ ಮದ್ರಾಸಿನಲ್ಲಿ ಓದಿದ ತರುಣ್ ಮೆಹ್ತಾ ಮತ್ತು ಸ್ವಪ್ನಿಲ್ ಜೈನ್ 2013ರಲ್ಲಿ ಕಟ್ಟಿದ ಏಥರ್, ಅದೇ ಬೆಂಗಳೂರಿನಲ್ಲಿ 2018ರಲ್ಲೇ 450 ಸ್ಕೂಟರನ್ನು ರಸ್ತೆಗಿಳಿಸಿತ್ತು. ಹಳೆಯ ಕಂಪನಿಗಳ ನಡಿಗೆಯಲ್ಲಿ ಆಗ ಅವಸರವೇನೂ ಕಾಣುತ್ತಿರಲಿಲ್ಲ. ಪೆಟ್ರೋಲ್ ಗಾಡಿ ಚೆನ್ನಾಗಿ ಮಾರಾಟವಾಗುತ್ತಿರುವಾಗ ಅದರ ಹೊಟ್ಟೆಯ ಮೇಲೆ ತಾನೇ ಹೊಡೆಯುವ ವಸ್ತುವನ್ನು ಯಾವ ವ್ಯಾಪಾರಿ ತಾನೇ ಉತ್ಸಾಹದಿಂದ ಮಾಡುತ್ತಾನೆ? 2021ರ ಆಗಸ್ಟ್ 15ರಂದು ಇನ್ನೊಂದು ಹೊಸ ಕಂಪನಿಯಾದ ಓಲಾ ತನ್ನ ಎಸ್1 ವಿದ್ಯುತ್ ಸ್ಕೂಟರಿಗೆ 99,999 ರೂಪಾಯಿ ಬೆಲೆ ಸಾರಿತು. ಅದಾಗಿ ವರ್ಷ ತುಂಬುವ ಮೊದಲೇ, 2022ರ ಮೇ ತಿಂಗಳಲ್ಲಿ, ಐಕ್ಯೂಬ್‌ಗೆ ನನ್ನ ಗಾಡಿಯಲ್ಲಿರುವ ದೊಡ್ಡ ಬ್ಯಾಟರಿಯೂ 100 ಕಿ.ಮೀ. ದೂರದ ಭರವಸೆಯೂ ಬಂದವು. ನಾನು ಸವಾರಿ ಮಾಡುತ್ತಿರುವುದು ಹಳಬರ ಗಾಡಿಯನ್ನೇ ಆದರೂ ಅದರಲ್ಲಿ ಹೊಸಬರ ಋಣ ಬಹಳಷ್ಟಿದೆ.

ಇನ್ನು ಲೆಕ್ಕಪತ್ರ. 2024-25ನೇ ಹಣಕಾಸು ವರ್ಷದಲ್ಲಿ ಓಲಾ ಎಲೆಕ್ಟ್ರಿಕ್ 3.59 ಲಕ್ಷ ಸ್ಕೂಟರುಗಳನ್ನು ಗ್ರಾಹಕರಿಗೆ ಕೊಟ್ಟು 2,276 ಕೋಟಿ ರೂಪಾಯಿ ನಷ್ಟ ತೋರಿಸಿತು. ಹಿಂದಿನ ವರ್ಷದ ನಷ್ಟ 1,584 ಕೋಟಿ. 2024-25ರ ನಷ್ಟವನ್ನು ಭಾಗಿಸಿ ನೋಡಿದರೆ ಗಾಡಿಯೊಂದಕ್ಕೆ 63,000 ರೂಪಾಯಿಗೂ ಮೇಲೆ. ಬ್ಯಾಟರಿ ಸೆಲ್ ಕಾರ್ಖಾನೆಯಂಥ ದೂರದ ಯೋಜನೆಗಳ ಖರ್ಚೂ ಅದರಲ್ಲಿ ಸೇರಿದೆ ಎಂಬುದನ್ನು ಒಪ್ಪಿಕೊಂಡರೂ ಬ್ಯಾಂಕಿನವನ ಹುಬ್ಬು ಗಂಟಿಕ್ಕದೆ ಇರದು. ಅದೇ ವರ್ಷ ಏಥರ್ 1.55 ಲಕ್ಷ ಗಾಡಿ ಮಾರಿ 812 ಕೋಟಿ ಕಳೆದುಕೊಂಡಿತು, ಅಂದರೆ ಗಾಡಿಗೆ ಸುಮಾರು 52,000. ಆದರೆ ಹಿಂದಿನ ವರ್ಷ 1.10 ಲಕ್ಷ ಗಾಡಿಗಳಿಗೆ 1,060 ಕೋಟಿ ನಷ್ಟವಾಗಿತ್ತು ಎಂಬುದನ್ನು ಪಕ್ಕದಲ್ಲಿಟ್ಟರೆ ಚಿತ್ರ ಬದಲಾಗುತ್ತದೆ: ಒಂದೇ ವರ್ಷದಲ್ಲಿ ಗಾಡಿಯೊಂದರ ನಷ್ಟ ಅರ್ಧದ ಹತ್ತಿರಕ್ಕೆ ಇಳಿದಿದೆ. ಮಾರಾಟ ಬೆಳೆದಂತೆ ನಷ್ಟ ಕರಗುವ ವ್ಯಾಪಾರಕ್ಕೂ, ಮಾರಾಟ ಹೆಚ್ಚಿದ್ದರೂ ನಷ್ಟ ಉಬ್ಬುವ ವ್ಯಾಪಾರಕ್ಕೂ ನನ್ನ ವೃತ್ತಿಯಲ್ಲಿ ಬೇರೆ ಬೇರೆ ಫೈಲುಗಳಿದ್ದವು.

ಟಿವಿಎಸ್ ಆ ವರ್ಷ 2.79 ಲಕ್ಷ ವಿದ್ಯುತ್ ವಾಹನಗಳನ್ನು ಮಾರಿತು, ಮತ್ತು ಕಂಪನಿಯ ಲಾಭ 2,711 ಕೋಟಿ ರೂಪಾಯಿ. ಇಲ್ಲಿ ಮೋಸ ಹೋಗಬಾರದು. ಅದು ಮಾರಿದ ಒಟ್ಟು ವಾಹನಗಳು 47.44 ಲಕ್ಷ, ವಿದ್ಯುತ್ತಿನ ಪಾಲು ನೂರಕ್ಕೆ ಆರರಷ್ಟು ಮಾತ್ರ. ಲಾಭ ಬಂದಿರುವುದು ಹೆಚ್ಚಾಗಿ ಪೆಟ್ರೋಲಿನಿಂದ, ಅಂದರೆ ನಂಜನಗೂಡು ರಸ್ತೆಯಲ್ಲಿ ಕಡಕೊಳದ ಬಳಿ ನಾನು ಪ್ರತಿ ಸಲ ದಾಟಿಹೋಗುವ ಇದೇ ಕಂಪನಿಯ ಮೈಸೂರು ಕಾರ್ಖಾನೆಯಂಥ ಕಡೆ ತಯಾರಾಗುವ ಗಾಡಿಗಳಿಂದ. ಬೆಳವಣಿಗೆಗಾಗಿ ಹೊಸಬರು ಷೇರುದಾರರ ಹಣ ಸುಡುತ್ತಾರೆ, ಹಳಬರು ಪೆಟ್ರೋಲ್ ಗಿರಾಕಿಯ ಹಣ ಹಾಕುತ್ತಾರೆ. ನನಗೆ ಎರಡನೆಯದು ಹೆಚ್ಚು ಬಾಳಿಕೆಯದೆಂದು ಕಂಡಿತು, ಏಕೆಂದರೆ ಷೇರುಪೇಟೆಯ ಮನಸ್ಸು ತಿರುಗಿದ ದಿನ ಬಿಡಿಭಾಗದ ಉಗ್ರಾಣ ಖಾಲಿಯಾಗುವ ಭಯ ಅಲ್ಲಿ ಕಡಿಮೆ. ಮಾರುಕಟ್ಟೆಯೂ ನಿಧಾನವಾಗಿ ಆ ಕಡೆಗೇ ವಾಲಿತು: ವಿದ್ಯುತ್ ಸ್ಕೂಟರುಗಳ ತಿಂಗಳ ನೋಂದಣಿಯಲ್ಲಿ 2024ರ ಡಿಸೆಂಬರಿನಲ್ಲಿ ಬಜಾಜ್ ಚೇತಕ್, 2025ರ ಏಪ್ರಿಲಿನಲ್ಲಿ ಟಿವಿಎಸ್ ಮೊದಲ ಬಾರಿಗೆ ಓಲಾವನ್ನು ಹಿಂದಿಕ್ಕಿ ಅಗ್ರಸ್ಥಾನಕ್ಕೆ ಬಂದವು.

ನ್ಯಾಯಕ್ಕೆ ಇನ್ನೊಂದು ಮಾತನ್ನೂ ಸೇರಿಸಬೇಕು. ಉತ್ಪಾದನೆಗೆ ತಕ್ಕಂತೆ ಪ್ರೋತ್ಸಾಹಧನ ಕೊಡುವ ಕೇಂದ್ರದ ಪಿಎಲ್ಐ ಯೋಜನೆಗೆ ವಾಹನ ತಯಾರಕರು ಅರ್ಹರಾಗಬೇಕಾದರೆ 10,000 ಕೋಟಿ ರೂಪಾಯಿ ವಹಿವಾಟು ಇರಬೇಕೆಂಬ ನಿಯಮವಿತ್ತು. ಟಿವಿಎಸ್, ಬಜಾಜ್ ಒಳಗೆ ಹೋದವು; ವಾಹನೋದ್ಯಮದ ಹೊರಗಿನಿಂದ ಬರುವ ಹೊಸ ಹೂಡಿಕೆದಾರರಿಗಿದ್ದ ಬೇರೆ ಬಾಗಿಲಿನಿಂದ ಓಲಾವೂ ಹೋಯಿತು; ಏಥರ್ ಹೊರಗೇ ಉಳಿಯಿತು. ಉಳ್ಳವರ ಎಲೆಗೇ ತುಪ್ಪ ಬಡಿಸಿದ ಈ ಪಂಕ್ತಿಯನ್ನು ನೆನೆದರೆ ಏಥರಿನ ನಷ್ಟದ ಅಂಕಿ ಇನ್ನಷ್ಟು ಗೌರವಕ್ಕೆ ಅರ್ಹವಾಗಿ ಕಾಣುತ್ತದೆ. ಹಾಗೆಂದು ಹಳೆಯ ಕಂಪನಿಯಾದ ಮಾತ್ರಕ್ಕೆ ವಿದ್ಯುತ್ ವಾಹನ ಒಲಿಯುತ್ತದೆಂದೂ ಇಲ್ಲ. ಕಾರುಗಳ ಲೋಕದಲ್ಲಿ ಅಮೆರಿಕದ ಫೋರ್ಡ್ ತನ್ನ ವಿದ್ಯುತ್ ವಿಭಾಗದಲ್ಲಿ 2024ರಲ್ಲಿ ಸುಮಾರು 5.1 ಶತಕೋಟಿ ಡಾಲರ್ ಕಳೆದುಕೊಂಡಿತು. ಅದೇ ವರ್ಷ ಹೊಸಬನಾದ ಟೆಸ್ಲಾ, ಮಾರಾಟ ಹಿಂದಿನ ವರ್ಷಕ್ಕಿಂತ ಕುಸಿದರೂ, 7 ಶತಕೋಟಿ ಡಾಲರಿನಷ್ಟು ಲಾಭ ಮಾಡಿತು.

ನನ್ನ ತರ್ಕಕ್ಕೆ ಸೊಪ್ಪು ಹಾಕದ ಒಂದು ಸಂಗತಿ ವಾರಂಟಿ. ನಾನು ಕೊಂಡಾಗ ಐಕ್ಯೂಬ್‌ನ ಬ್ಯಾಟರಿಗೆ ಸಿಕ್ಕಿದ್ದು ಮೂರು ವರ್ಷ ಅಥವಾ 50,000 ಕಿ.ಮೀ. ಓಲಾ 2024ರಲ್ಲಿ ಎಂಟು ವರ್ಷ ಅಥವಾ 80,000 ಕಿ.ಮೀ. ಎಂದು ಘೋಷಿಸಿತು, ಏಥರ್ ಕೂಡ ಹೆಚ್ಚುವರಿ ಹಣಕ್ಕೆ ಅಷ್ಟೇ ಅವಧಿಯ ಭರವಸೆಯನ್ನು, ಬ್ಯಾಟರಿಯ ಸಾಮರ್ಥ್ಯ ಶೇ 70ಕ್ಕಿಂತ ಕೆಳಗಿಳಿಯುವುದಿಲ್ಲವೆಂಬ ಮಾತಿನೊಂದಿಗೆ ತಂದಿತು. ಪೆಟ್ಟಿಗೆಯಲ್ಲಿ ಹಣವಿರುವವನು ಚಿಕ್ಕ ಮಾತು ಕೊಡುತ್ತಾನೆ, ನಷ್ಟದಲ್ಲಿರುವವನು ಎಂಟು ವರ್ಷದ ಮಾತು ಕೊಡುತ್ತಾನೆ. ಇದರಲ್ಲಿ ಯಾವುದು ಎಚ್ಚರಿಕೆ, ಯಾವುದು ಧೈರ್ಯ, ಯಾವುದು ಕೇವಲ ಜಾಹೀರಾತು ಎಂದು ಬೇರ್ಪಡಿಸುವುದು ಸುಲಭವಲ್ಲ. ನಾನಂತೂ ಹಣ ಕೊಟ್ಟು ಅವಧಿ ವಿಸ್ತರಿಸಿಕೊಂಡಿಲ್ಲ. ನನ್ನ ಗಾಡಿಯ ವಾರಂಟಿಯ ಅವಧಿ 2026ರ ಮೇ ತಿಂಗಳವರೆಗೆ. ಮಗಳಿಗೆ ಏಥರ್ ರಿಜ್ಟಾದ ಅಗಲವಾದ ಸೀಟು ಹಿಡಿಸಿದೆ, ಮುಂಗಡ ಕೊಡೋಣ ಎನ್ನುತ್ತಿದ್ದಾಳೆ. ಅವಳು ಬಣ್ಣ ಆರಿಸುತ್ತಿದ್ದಾಳೆ, ನಾನು ಕಂಪನಿಯ ವಾರ್ಷಿಕ ವರದಿಯ ಅರ್ಧದಲ್ಲಿದ್ದೇನೆ.