ದೇವರ ಕೋಪ, ದೇವರ ಆಶ್ರಯ: ಕನ್ನಡ ಆಡಿಯೋ ಬೈಬಲ್ ಆಪ್ ರಿವ್ಯೂ

ಬೈಬಲ್ಲನ್ನ ಕನ್ನಡದಲ್ಲಿ ಓದಿ ಹೇಳೋ ಆಪ್ ಒಂದನ್ನ ಬಳಸ್ತಾ ಇದೀನಿ, ಅದರಲ್ಲಿ ದೇವರ ಕೋಪ ಮತ್ತೆ ಆಶ್ರಯದ ಬಗ್ಗೆನೇ ಒಂದು ರೀಡಿಂಗ್ ಪ್ಲಾನ್ ಇದೆ, ಈ ರಿವ್ಯೂ ಆ ಪ್ಲಾನ್‌ಗೆ ಮಾತ್ರ.

ಶುರು ಆಗೋದೇ ಹಳೆ ಒಡಂಬಡಿಕೆಯ ನಹೂಮ ಅನ್ನೋ ಪ್ರವಾದಿಯ ಪುಸ್ತಕದಿಂದ. ಮೂರೇ ಅಧ್ಯಾಯ, ಅಶ್ಶೂರ್ಯರ ರಾಜಧಾನಿ ನಿನೆವೆ ಮೇಲೆ ಬರೋ ತೀರ್ಪು, ಇದರ ಮೇಲೆ ಪ್ರಸಂಗ ಕೇಳಿರೋರು ಕಮ್ಮಿನೇ ಇರ್ತಾರೆ. ಓದೋರ ದನಿ ತುಂಬಾ ಚೆನ್ನಾಗಿದೆ, ಆತುರ ಇಲ್ಲ, ನಾಟಕ ಇಲ್ಲ. 1ನೇ ಅಧ್ಯಾಯದ 6ನೇ ವಚನದಲ್ಲಿ ದೇವರ ರೋಷದ ಮುಂದೆ ಯಾರು ನಿಂತಾರು ಅನ್ನೋ ಪ್ರಶ್ನೆ, ಬಂಡೆಗಳು ಒಡೆದು ಹೋಗೋ ಮಾತು, ಅದರ ಬೆನ್ನಿಗೇ 7ರಲ್ಲಿ ಯೆಹೋವನು ಒಳ್ಳೆಯವನು, ಇಕ್ಕಟ್ಟಿನ ದಿನಕ್ಕೆ ಆಶ್ರಯ, ತನ್ನನ್ನ ನಂಬಿ ಬಂದವರನ್ನ ಬಲ್ಲ ಅಂತ ಬರುತ್ತೆ, 8ಕ್ಕೆ ಮತ್ತೆ ಪ್ರವಾಹ. ಪುಸ್ತಕ ಹಿಡಿದು ಓದುವಾಗ ಕಣ್ಣು ಸೀದಾ 7ಕ್ಕೆ ಹಾರಿಬಿಡುತ್ತೆ, ಕೇಳುವಾಗ ಹಾಗಾಗಲ್ಲ, 6ನ್ನ ದಾಟ್ಕೊಂಡೇ ಬರಬೇಕು. ಕೋಪ ನಿಜ ಅಂತ ಗೊತ್ತಿಲ್ಲದವನು ಆಶ್ರಯ ಯಾಕೆ ಹುಡುಕ್ತಾನೆ ಹೇಳಿ?

ಪ್ಲಾನ್‌ನಲ್ಲಿ ನನಗೆ ತುಂಬಾ ಹಿಡಿಸಿದ್ದು ಆಶ್ರಯನಗರಗಳ ಭಾಗ. ಯೆಹೋಶುವ ಪುಸ್ತಕದ 20ನೇ ಅಧ್ಯಾಯದಲ್ಲಿ ಆರು ಊರು ಬರುತ್ತೆ, ಹೆಬ್ರೋನ್, ಶೆಕೆಮ್ ಎಲ್ಲಾ. ಗೊತ್ತಿಲ್ಲದೆ ಕೊಂದವನು ಅಲ್ಲಿಗೆ ಓಡಿಹೋಗಿ ಊರಬಾಗಿಲಲ್ಲಿ ನಿಂತು ಹಿರಿಯರಿಗೆ ನಡೆದಿದ್ದನ್ನ ಹೇಳಬೇಕು, ಅಷ್ಟರಲ್ಲಿ ಸತ್ತವನ ಕಡೆಯಿಂದ ಸೇಡು ತೀರಿಸೋನು ಹಿಂದೆ ಬರ್ತಿರಬಹುದು, ಒಳಗೆ ಸೇರ್ಕೊಂಡ್ಮೇಲೆ ಆಗಿನ ಮಹಾಯಾಜಕ ಸಾಯೋವರೆಗೂ ಅಲ್ಲೇ ಇರಬೇಕು. ಆದ್ರೆ ಬೇಕಂತಲೇ ಕೊಂದವನಿಗೆ ಅಲ್ಲಿ ರಕ್ಷಣೆ ಇಲ್ಲ, ಬೈಬಲ್‌ನ ಅರಣ್ಯಕಾಂಡ ಪುಸ್ತಕದ 35ನೇ ಅಧ್ಯಾಯ ಇದನ್ನ ಖಡಾಖಂಡಿತವಾಗಿ ಹೇಳುತ್ತೆ. ಇದಾದ ಕೂಡಲೇ ಪ್ಲಾನ್ ರೋಮಾಪುರದವರಿಗೆ ಬರೆದ ಪತ್ರದ 5:8-9ಕ್ಕೆ ಕರ್ಕೊಂಡು ಹೋಗುತ್ತೆ, ನಾವು ಪಾಪಿಗಳಾಗಿದ್ದಾಗಲೇ ಕ್ರಿಸ್ತನು ನಮಗೋಸ್ಕರ ಸತ್ತ, ಆತನ ಮೂಲಕ ಕೋಪದಿಂದ ರಕ್ಷಣೆ. ಬೇಕಂತಲೇ ತಪ್ಪು ಮಾಡಿದವನಿಗೂ ಇಲ್ಲಿ ಬಾಗಿಲು ತೆರೆದಿದೆ! ಎರಡನ್ನೂ ಒಂದೇ ದಿನದ ಓದಿಗೆ ಇಟ್ಟವರಿಗೆ ನಿಜವಾಗ್ಲೂ ಥ್ಯಾಂಕ್ಸ್.

ಇನ್ನು ಬೇಜಾರಾಗಿರೋದು. ಬೆಳಗ್ಗೆ ನೋಟಿಫಿಕೇಶನ್‌ನಲ್ಲಿ ಬರೋ ದಿನದ ವಚನದಲ್ಲಿ ನಹೂಮ 1:7 ಒಂದೇ ಬರುತ್ತೆ, ಸೂರ್ಯೋದಯದ ಫೋಟೋ ಮೇಲೆ, ಹಿಂದೆ ಮುಂದೆ ಏನೂ ಇಲ್ಲ. ಪ್ರವಾದಿ ಚೆಫನ್ಯನ ಪುಸ್ತಕದ 1ನೇ ಅಧ್ಯಾಯದಲ್ಲಿ ಕರ್ತನ ದಿನದ, ಅಂದ್ರೆ ದೇವರು ತೀರ್ಪು ಮಾಡೋ ದಿನದ ವರ್ಣನೆ ಓದುವಾಗಲೂ ಹಿಂದೆ ಅದೇ ಮೆತ್ತನೆ ಮ್ಯೂಸಿಕ್, ಆ ಮಾತಿನ ತೂಕನೇ ಹೋಗಿಬಿಡುತ್ತೆ. ಅದಕ್ಕಿಂತ ದೊಡ್ಡ ಕೊರತೆ ಅಂದ್ರೆ ಯೋಹಾನನ ಸುವಾರ್ತೆಯ 3ನೇ ಅಧ್ಯಾಯವನ್ನ, ದೇವರು ಲೋಕವನ್ನ ಪ್ರೀತಿಸಿ ತನ್ನ ಮಗನನ್ನ ಕೊಟ್ಟ ಅನ್ನೋ 16ನೇ ವಚನಕ್ಕೇ ನಿಲ್ಲಿಸಿದಾರೆ. ಮಗನಿಗೆ ಒಳಗಾಗದವನ ಮೇಲೆ ದೇವರ ಕೋಪ ನೆಲೆಗೊಂಡಿರುತ್ತೆ ಅನ್ನೋ 36 ಅದೇ ಅಧ್ಯಾಯದಲ್ಲಿದೆ ಅಲ್ವಾ. ಪ್ರಕಟನೆ 6:16ರಲ್ಲಿ ಜನ ಕುರಿಮರಿಯ, ಅಂದ್ರೆ ಕ್ರಿಸ್ತನ, ಕೋಪಕ್ಕೆ ಹೆದರಿ ಬೆಟ್ಟಗಳಿಗೆ ನಮ್ಮ ಮೇಲೆ ಬೀಳಿ ಅಂತ ಕೂಗ್ತಾರೆ, ಅದೂ ಇಲ್ಲ. ಹೊಸಬರು ಕೇಳಿದ್ರೆ ಕೋಪ ಬರೀ ಹಳೆ ಒಡಂಬಡಿಕೆದು, ಯೇಸು ಬಂದ್ಮೇಲೆ ಆ ವಿಷಯ ಮುಗೀತು ಅನ್ಕೋತಾರೆ, ಅದು ಸರಿಯಲ್ಲ.

ಡೌನ್‌ಲೋಡ್ ಮಾಡ್ಕೊಂಡ್ರೆ ನೆಟ್ ಇಲ್ಲದೆನೂ ಓಡುತ್ತೆ, ಸ್ಲೀಪ್ ಟೈಮರ್ ಮಾತ್ರ ವಾಕ್ಯದ ಮಧ್ಯದಲ್ಲೇ ಕಟ್ ಮಾಡುತ್ತೆ. ಐದಕ್ಕೆ ನಾಲ್ಕು ಸ್ಟಾರ್. ಹಾಕ್ಕೊಳ್ಳೋರು ಮೊದಲು ಸೆಟಿಂಗ್ಸ್‌ಗೆ ಹೋಗಿ ಮ್ಯೂಸಿಕ್ ಆಫ್ ಮಾಡಿ, ಯೋಹಾನ 3 ಬಂದಾಗ ಪ್ಲಾನ್‌ನಿಂದ ಹೊರಗೆ ಬಂದು ಅಧ್ಯಾಯ ಪೂರ್ತಿ ಕೇಳಿ.